ಎತ್ತರಿಸಿದ ಜಿಪ್ಸಿ ಡಾಂಬರು ರಸ್ತೆಯಲ್ಲಿ: ಡ್ಯಾಂಪರ್, ಶಾಕ್, ವೆಡ್ಜ್ ಮೂರನ್ನೂ ಹಾಕಿ ನೋಡಿದ್ದು

ನನ್ನ ಮಾರುತಿ ಜಿಪ್ಸಿ 2007ರದ್ದು. ಹಿಂದಿನ ಮಾಲೀಕರು ನಾಲ್ಕೂ ಕಡೆ ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ, ಸ್ಪ್ರಿಂಗ್ ಪ್ಲೇಟುಗಳನ್ನು ಇನ್ನಷ್ಟು ಬಾಗಿಸಿ, ಹಿಂದೆ ಒಂದು ಪ್ಲೇಟು ಹೆಚ್ಚಿಗೆ ಕೂರಿಸಿ ಎರಡೂವರೆ ಇಂಚು ಎತ್ತರಿಸಿದ್ದರು. ಟೈರು 215/75 ಆರ್15. ತೋಟದ ಕೆಸರಿನಲ್ಲಿ, ಹಳ್ಳದ ಕಲ್ಲಿನ ಮೇಲೆ ಇದಕ್ಕೆ ಎದುರಿಲ್ಲ. ಆದರೆ ಸಕಲೇಶಪುರ ಬಿಟ್ಟು ಹಾಸನದ ಹೆದ್ದಾರಿಯಲ್ಲಿ 60 ದಾಟಿತೋ, ಸ್ಟೇರಿಂಗಿಗೂ ಚಕ್ರಕ್ಕೂ ಸಂಬಂಧವೇ ಇಲ್ಲದ ಹಾಗೆ ಆಗುತ್ತಿತ್ತು. ಒಂದು ಮಳೆ ರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಪಕ್ಕದಲ್ಲಿ ಟ್ಯಾಂಕರ್ ಹಾದುಹೋಯಿತು. ಅದರ ಗಾಳಿಗೆ ಗಾಡಿ ಎಡಕ್ಕೆ ವಾಲಿತು, ನಾನು ಎಳೆದೆ, ಬಲಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಬಂತು, ಮತ್ತೆ ಎಳೆದೆ. ಅಮ್ಮ ಡ್ಯಾಶ್‌ಬೋರ್ಡಿನ ಹಿಡಿ ಬಿಡದೆ ಕೂತಿದ್ದರು. "ನಿಧಾನ ಮಗಾ" ಅಂದರು, ಅಷ್ಟೇ. ಇದನ್ನು ಸರಿಮಾಡದೆ ಬಿಡಬಾರದು ಎಂದು ಆವತ್ತೇ ಗಟ್ಟಿಮಾಡಿಕೊಂಡೆ.

ಹೋಲಿಸುವುದಕ್ಕೆ ಒಂದೇ ರಸ್ತೆ ಇಟ್ಟುಕೊಂಡೆ: ಸಕಲೇಶಪುರದಿಂದ ಹಾಸನ, ಸುಮಾರು 40 ಕಿ.ಮೀ., ಬೆಳಗಿನ ಹೊತ್ತು, ಇಬ್ಬರು ಆಸಾಮಿ. ಒಂದೊಂದನ್ನೂ ಎರಡು ಮೂರು ವಾರ ಓಡಿಸಿ, ಆಮೇಲೆ ಮುಂದಿನದು. ಗಾಳಿಯ ವಿಷಯ ಮೊದಲೇ ಮುಗಿಸಿದೆ. ಟೈರಿನಲ್ಲಿ 32 ಇತ್ತು, ಒಂದು ಟನ್ನಿನ ಗಾಡಿಗೆ ಅದು ಜಾಸ್ತಿ. ಟೈರು ತಣ್ಣಗಿದ್ದಾಗ ನೋಡಿ 26ಕ್ಕೆ ಇಳಿಸಿದೆ. ಸಣ್ಣ ಪುಟಿತ ನಿಂತಿತು, ಅಲೆದಾಟ ನಿಲ್ಲಲಿಲ್ಲ.

ಮೊದಲು ಹಾಕಿಸಿದ್ದು ಸ್ಟೇರಿಂಗ್ ಡ್ಯಾಂಪರ್, ಅಂದರೆ ಸ್ಟೇರಿಂಗ್ ರಾಡಿನ ಅದುರು ತಡೆಯುವ ಸಣ್ಣ ಶಾಕ್ ಅಬ್ಸಾರ್ಬರ್. ಎಲ್ಲರೂ ಹೇಳುವುದು ಅದನ್ನೇ, ಹಾಕುವುದೂ ಸುಲಭ, ಒಂದು ಗಂಟೆಯ ಕೆಲಸ. ಮೊದಲ ದಿನ ಖುಷಿಯಾಯಿತು ನಿಜ. ಗುಂಡಿಗೆ ಬಿದ್ದಾಗ ಕೈಗೆ ಬರುತ್ತಿದ್ದ ಒದೆತ ಅರ್ಧ ಕಡಿಮೆಯಾಯಿತು. ಆದರೆ ನೇರ ರಸ್ತೆಯಲ್ಲಿ ಗಾಡಿ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ತಿರುವು ಮುಗಿದ ಮೇಲೂ ಚಕ್ರವನ್ನು ಕೈಯಿಂದಲೇ ವಾಪಸ್ಸು ತರಬೇಕಿತ್ತು, ಡ್ಯಾಂಪರ್ ಬಂದ ಮೇಲೆ ಅದು ಇನ್ನೂ ಭಾರ. ಜಿಪ್ಸಿಗೆ ಪವರ್ ಸ್ಟೇರಿಂಗ್ ಇಲ್ಲ ಅನ್ನುವುದು ನೆನಪಿರಲಿ. ಡ್ಯಾಂಪರ್ ಅದುರುವುದನ್ನು ಹಿಡಿಯುತ್ತದೆಯೇ ಹೊರತು ಅದರ ಮೂಲಕ್ಕೆ ಕೈ ಹಾಕುವುದಿಲ್ಲ. ಸವೆದ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗನ್ನೋ ಹರಿದ ಬುಷ್ಷನ್ನೋ ಅದು ಆರು ತಿಂಗಳು ಮುಚ್ಚಿಟ್ಟುಬಿಡಬಹುದು, ನನಗೆ ಭಯವಿರುವುದು ಅದರದ್ದೇ.

ಎರಡನೆಯದು ಶಾಕ್ ಅಬ್ಸಾರ್ಬರ್. ಎತ್ತರಿಸಿದಾಗ ಹಳೇ ಶಾಕನ್ನು ಹಾಗೇ ಬಿಟ್ಟಿದ್ದರು. ನಿಂತಲ್ಲೇ ಅದು ಮುಕ್ಕಾಲು ಪಾಲು ಚಾಚಿಕೊಂಡಿತ್ತು, ಹಂಪ್ ಇಳಿದಾಗ ಪೂರ್ತಿ ಎಳೆದು ಟಕ್ ಎನ್ನುತ್ತಿತ್ತು. ಉದ್ದದ ಶಾಕಿನಲ್ಲಿ ಎರಡು ಜೊತೆ ನೋಡಿದೆ, ಒಂದು ಬರೀ ಆಯಿಲಿನದು, ಇನ್ನೊಂದು ಗ್ಯಾಸ್ ತುಂಬಿದ್ದು. ತೋಟದ ದಾರಿಯಲ್ಲಿ ನಿಧಾನಕ್ಕೆ ಹೋಗುವಾಗ ಆಯಿಲಿನದೇ ಮೆತ್ತಗೆ. ಬಿಸ್ಲೆ ರಸ್ತೆಯಲ್ಲಿ ಒಂದೇ ಸಮನೆ ಗುಂಡಿ ಸಿಕ್ಕಾಗ ಮಾತ್ರ ಅರ್ಧ ಗಂಟೆಯಲ್ಲಿ ಅದು ಸೋತಿತು. ಒಳಗಿನ ಎಣ್ಣೆ ಕಾದು ನೊರೆಯಾದರೆ ಶಾಕಿಗೆ ಹಿಡಿತವಿರುವುದಿಲ್ಲ. ಗ್ಯಾಸಿನ ಒತ್ತಡ ಇರುವುದೇ ಆ ನೊರೆಯನ್ನು ತಡೆಯಲಿಕ್ಕೆ. ಗ್ಯಾಸಿನದು ಹಾಕಿದ ಮೇಲೆ ಹಂಪ್ ದಾಟಿ ಮೂರು ಸಲ ತೂಗುತ್ತಿದ್ದ ಗಾಡಿ ಒಂದೇ ಸಲಕ್ಕೆ ಕೂತಿತು, ತಿರುವಿನಲ್ಲಿ ವಾಲುವುದೂ ನಿಧಾನವಾಯಿತು. ಸಣ್ಣ ಕಲ್ಲಿಗೂ ಹಿಂದೆ ಕೂತವರು ಎಗರುತ್ತಾರೆ, ಆ ದೂರು ಮನೆಯಲ್ಲಿ ಇನ್ನೂ ಇದೆ. ಇಷ್ಟಾದರೂ ನೇರ ರಸ್ತೆಯ ಅಲೆದಾಟ ಮಾತ್ರ ಇದ್ದಲ್ಲೇ ಇತ್ತು.

ಆಗ ಹಾಸನದಲ್ಲಿ ಕ್ಯಾಸ್ಟರ್ ಅಳೆಸಿದೆ. ಮೂರು ಡಿಗ್ರಿಯ ಮೇಲೆ ಇರಬೇಕಾದದ್ದು ಅರ್ಧ ಡಿಗ್ರಿ! ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಓರೆಯಾಗಿರುತ್ತದಲ್ಲ, ಕೈಬಿಟ್ಟರೂ ಸೈಕಲ್ಲು ನೇರ ಹೋಗುವುದರಲ್ಲಿ ಆ ಓರೆಯ ಪಾಲೂ ಇದೆ. ಗಾಡಿಯ ಮುಂದಿನ ಚಕ್ರ ತಿರುಗುವ ಕೀಲಿಗೂ ಅಂಥ ಓರೆ ಇರುತ್ತದೆ, ಕ್ಯಾಸ್ಟರ್ ಅಂದರೆ ಅದೇ. ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಇರುವುದು ಪ್ಲೇಟಿನ ಮುಂತುದಿಗೆ. ಅದನ್ನು ಉದ್ದ ಮಾಡಿದಷ್ಟೂ ಆಕ್ಸಲ್ಲಿನ ಮೇಲ್ಭಾಗ ಮುಂದಕ್ಕೆ ಮಗುಚಿ ಓರೆ ಕಳೆದುಹೋಗುತ್ತದೆ. ಎರಡು ಇಂಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏಳುವುದು ಒಂದೇ ಇಂಚು. ಅಷ್ಟಕ್ಕೆ ಇಷ್ಟು ದಂಡ.

ಆ ಓರೆ ವಾಪಸ್ಸು ತರಲು, ಪ್ಲೇಟಿಗೂ ಆಕ್ಸಲ್ಲಿಗೂ ಮಧ್ಯೆ ಇಡುವ ಮೂರು ಡಿಗ್ರಿಯ ಕಬ್ಬಿಣದ ವೆಡ್ಜ್ (ಬೆಣೆ) ಮಾಡಿಸಿದೆ. ಅಲ್ಯೂಮಿನಿಯಂನದು ಅಗ್ಗ, ಆದರೆ ಕೆಲಸದ ಗಾಡಿಯಲ್ಲಿ ನಜ್ಜಾಗುತ್ತದೆ. ಮೊದಲ ಸಲ ಗ್ಯಾರೇಜಿನಲ್ಲಿ ದಪ್ಪ ತುದಿಯನ್ನು ಹಿಂದಕ್ಕಿಟ್ಟು ಆಕ್ಸಲ್ಲನ್ನು ಪ್ಲೇಟಿಗೆ ಹಿಡಿದಿಡುವ ಯು ಬೋಲ್ಟ್ ಬಿಗಿದುಬಿಟ್ಟರು. 50ಕ್ಕೇ ಸ್ಟೇರಿಂಗ್ ಎರಡೂ ಕಡೆ ಬಡಿಯತೊಡಗಿತು. ಗಾಡಿ ಬದಿಗೆ ನಿಲ್ಲಿಸಿ, ಕೆಳಗೆ ತೂರಿ ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯಿತು. ನನ್ನ ಗಾಡಿಯಲ್ಲಿ ಆಕ್ಸಲ್ ಪ್ಲೇಟಿನ ಮೇಲೆ ಕೂತಿದೆ, ಆದ್ದರಿಂದ ದಪ್ಪ ತುದಿ ಮುಂದಕ್ಕೇ ಬರಬೇಕು. ಪ್ಲೇಟನ್ನು ಆಕ್ಸಲ್ಲಿನ ಮೇಲಕ್ಕೆ ತಂದಿರುವ ಗಾಡಿಗಳಲ್ಲಿ ಇದು ತಿರುಗುಮುರುಗು. ದಯವಿಟ್ಟು ಬೋಲ್ಟ್ ಬಿಗಿಯುವ ಮುಂಚೆ ನೀವೇ ಬಗ್ಗಿ ನೋಡಿ.

ತಿರುಗಿಸಿ ಹಾಕಿದ ಮೇಲಿನ ಬದಲಾವಣೆ ಹೇಗಿತ್ತೆಂದರೆ, ಬಾಳ್ಳುಪೇಟೆ ದಾಟುವಷ್ಟರಲ್ಲಿ ನನ್ನ ಹೆಗಲು ಸಡಿಲಾಗಿತ್ತು. ತಿರುವು ಮುಗಿಯುತ್ತಲೇ ಸ್ಟೇರಿಂಗ್ ಅಂಗೈಯೊಳಗೇ ಜಾರಿಕೊಂಡು ತಾನೇ ನೇರಕ್ಕೆ ಬಂತು. ಡ್ಯಾಂಪರಿಗೆ ಕೊಟ್ಟ ದುಡ್ಡಿನ ಕಾಲುಭಾಗವೂ ಇದಕ್ಕೆ ಆಗಿಲ್ಲ. ತೊಡಕೂ ಇದೆ. ಆಕ್ಸಲ್ ಹಿಂದಕ್ಕೆ ಮಗುಚಿದಾಗ ಅದರ ನಡುವಿನ ಗೇರು ಡಬ್ಬಿಯ, ಅಂದರೆ ಡಿಫರೆನ್ಷಿಯಲ್ಲಿನ, ಮೂತಿ ಕೆಳಗಾಗಿ ಮುಂದಿನ ಶಾಫ್ಟಿನ ಜಾಯಿಂಟ್ ಹೆಚ್ಚು ಬಾಗುತ್ತದೆ. ಮುಂದಿನ ಚಕ್ರದ ಹಬ್ ಫ್ರೀ ಇದ್ದರೆ ಆ ಶಾಫ್ಟ್ ತಿರುಗದ ಕಾರಣ ಗೊತ್ತಾಗದು, ಹಬ್ ಲಾಕ್ ಮಾಡಿ 40ರ ಮೇಲೆ ಹೋದರೆ ಕಾಲಡಿಯಲ್ಲಿ ಗುಂಯ್‌ಗುಟ್ಟುತ್ತದೆ. ಹೀಗಾಗಿ ಮುಂದಿನ ಶ್ಯಾಕಲ್ಲನ್ನು ಮೊದಲಿನ ಅಳತೆಗೇ ತಂದು, ವೆಡ್ಜ್ ಎರಡು ಡಿಗ್ರಿಗೆ ಇಳಿಸಿದೆ. ಗುಂಯ್ ಬಹುಮಟ್ಟಿಗೆ ಹೋಯಿತು, ಕ್ಯಾಸ್ಟರ್ ಮೂರೂವರೆಗೆ ನಿಂತಿತು. ಗಾಡಿಯ ಮುಂಭಾಗ ತಗ್ಗಿದ್ದರಿಂದ ಸ್ಟೇರಿಂಗ್ ಬಾಕ್ಸಿನಿಂದ ಬರುವ ರಾಡಿನ ಓರೆಯೂ ಕಡಿಮೆಯಾಗಿ, ಬ್ರೇಕ್ ಒತ್ತಿದಾಗ ತಾನೇ ಪಕ್ಕಕ್ಕೆ ಎಳೆಯುತ್ತಿದ್ದದ್ದು ನಿಂತಿತು. ಹಳ್ಳದಲ್ಲಿ ಈಗ ಬಂಪರ್ ಒಮ್ಮೊಮ್ಮೆ ತಾಗುತ್ತದೆ. ತಾಗಲಿ.

ಯು ಬೋಲ್ಟ್‌ಗಳನ್ನು 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು, ನನ್ನವು ಕಾಲು ಸುತ್ತು ಸಡಿಲಾಗಿದ್ದವು. ಅದೇ ಸಲ ಪ್ಲೇಟಿನ ಬುಷ್ ಬದಲಿಸಿದೆ, ರಬ್ಬರಿನದೇ ಹಾಕಿದೆ. ಪಾಲಿಯೂರಿಥೇನಿನದು ಬಿಗಿ, ಆದರೆ ಕೆಸರು ಸೇರಿದರೆ ಕೀರಲು ಶಬ್ದ.

ಡ್ಯಾಂಪರ್ ಬಿಚ್ಚಿಟ್ಟೇ ಈಗ ಎರಡು ತಿಂಗಳು ಓಡಿಸಿದ್ದೇನೆ, ಬೇಕು ಅನ್ನಿಸಿಲ್ಲ. ಉಳಿದಿರುವುದು ಹಿಂಭಾಗ. ಖಾಲಿ ಗಾಡಿಯಲ್ಲಿ ತಿರುವಿನ ಮಧ್ಯೆ ಗುಂಡಿ ಸಿಕ್ಕರೆ ಹಿಂದಿನ ಚಕ್ರ ಪಕ್ಕಕ್ಕೆ ನೆಗೆಯುತ್ತದೆ. ಆ ಹೆಚ್ಚುವರಿ ಪ್ಲೇಟೇ ಕಾರಣ ಎಂದು ನನ್ನ ಅನುಮಾನ. ಕಾಫಿ ಕುಯ್ಲು ಮುಗಿಯುವವರೆಗೆ ಮೂಟೆ ಹೊರಬೇಕು, ಅದಾದ ಮೇಲೆ ಅದನ್ನು ತೆಗೆಸಿ ಇದೇ ರಸ್ತೆಯಲ್ಲಿ ಓಡಿಸಿ ನೋಡುತ್ತೇನೆ.