ರೆಜೆಕ್ಸ್ ಸರಿಯಿದೆಯೋ ಇಲ್ಲವೋ ನೋಡದ ಸಾಫ್ಟ್‌ವೇರ್: ಕೊಳ್ಳುವ ಮುಂಚೆ ಓದಿ

ಗೋಣಿಕೊಪ್ಪದ ಒಂದು ಕಾಫಿ ಖರೀದಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಹೊರಗಿನವರು ಬರೆದುಕೊಟ್ಟ ಸಾಫ್ಟ್‌ವೇರ್ ಒಂದು ಫೆಬ್ರವರಿಯಲ್ಲಿ, ಮಾಲು ಬರುವ ಗಡಿಬಿಡಿಯಲ್ಲೇ, ನಮ್ಮನ್ನು ಸರಿಯಾಗಿ ಸತಾಯಿಸಿತು. ಯಾರದ್ದು ಅಂತ ಹೇಳುವುದಿಲ್ಲ. ಇಂಥದ್ದು ನಿಮ್ಮಲ್ಲೂ ಇರಬಹುದು.

ಅದರ ಸೆಟ್ಟಿಂಗ್ಸ್‌ನಲ್ಲಿ ರೆಜೆಕ್ಸ್, ಅಂದರೆ ಎಂಥ ಪಠ್ಯ ಹುಡುಕಬೇಕು ಅಂತ ಚಿಹ್ನೆಗಳಲ್ಲಿ ಹೇಳುವ ಪ್ಯಾಟರ್ನ್, ಬರೆಯುವ ಜಾಗ ಇದೆ. ಚೀಟಿಯಲ್ಲಿ ಒಣಗಿಸಿದ ಕಾಫಿ ಹಣ್ಣಿಗೆ ಒಬ್ಬರು ಚೆರ್ರಿ ಅಂತ ಬರೆಯುತ್ತಾರೆ, ಇನ್ನೊಬ್ಬರು ಚೆರಿ ಅಂತ. ಎರಡೂ ಒಂದೇ ಪಟ್ಟಿಗೆ ಬರಲಿ ಅಂತ ಗುಮಾಸ್ತರು (ಚೆರ್ರಿ|ಚೆರಿ ಎಂದು ಹಾಕಿ ಸೇವ್ ಒತ್ತಿದರು. ಕೊನೆಯ ಬ್ರ್ಯಾಕೆಟ್ ಬಿಟ್ಟುಹೋಗಿತ್ತು. ಸಾಫ್ಟ್‌ವೇರ್ ಹಸಿರು ಟಿಕ್ ತೋರಿಸಿತು! ಅಲ್ಲಿಂದ ಮುಂದೆ ರೋಬಸ್ಟಾ ಚೆರ್ರಿ ಪಟ್ಟಿ ಖಾಲಿ. ಪೊನ್ನಂಪೇಟೆ ಕಡೆಯ ಬೆಳೆಗಾರರು ಚೀಲ ಇಳಿಸಿ ದುಡ್ಡು ಕೇಳುತ್ತಿದ್ದರೆ, ಪರದೆಯಲ್ಲಿ ಮಾಲೇ ಬಂದಿಲ್ಲ.

ಕೋಡ್ ತೆರೆದು ನೋಡಿದೆ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ. ಅದರ ಪ್ರೆಗ್_ಮ್ಯಾಚ್ ಫಂಕ್ಷನ್, ಪಠ್ಯ ಹೊಂದಿದರೆ 1, ಹೊಂದದಿದ್ದರೆ 0, ಪ್ಯಾಟರ್ನೇ ಕೆಟ್ಟಿದ್ದರೆ ಫಾಲ್ಸ್ ಎಂಬ ಉತ್ತರ ಕೊಡುತ್ತದೆ. ಬರೆದವರು 0 ಮತ್ತು ಫಾಲ್ಸ್ ಎರಡನ್ನೂ ‘ಹೊಂದಲಿಲ್ಲ’ ಅಂತಲೇ ಎಣಿಸಿದ್ದರು. ವಾರ್ನಿಂಗ್ ಆದರೂ ಬರಬೇಕಿತ್ತು ಅಲ್ವಾ? ಮುಂದೊಂದು @ ಹಾಕಿ ಅದರ ಬಾಯಿಯನ್ನೂ ಮುಚ್ಚಿಸಿದ್ದರು. ಸೇವ್ ಮಾಡುವಾಗಲೇ ಪ್ಯಾಟರ್ನನ್ನು ಖಾಲಿ ಪಠ್ಯದ ಮೇಲೆ ಓಡಿಸಿ, ಬಂದದ್ದು ಫಾಲ್ಸೇ ಹೌದಾ ಅಂತ, 0 ಮತ್ತು ಫಾಲ್ಸನ್ನು ಬೇರೆ ಮಾಡಿ ತೋರಿಸುವ === ಹಾಕಿ ನೋಡಿದ್ದರೆ ಸಾಕಿತ್ತು.

ದೂರು ಕೊಟ್ಟ ಮೇಲೆ ಅವರು ಮಾಡಿದ ರಿಪೇರಿ ಇನ್ನೂ ಚೆನ್ನ. ತೆರೆದ ಬ್ರ್ಯಾಕೆಟ್ ಎಷ್ಟು, ಮುಚ್ಚಿದ್ದೆಷ್ಟು ಅಂತ ಎಣಿಸುವ ಕೋಡ್ ಸೇರಿಸಿದರು. ಆದರೆ [(] ಎಂಬುದು ಸರಿಯಾದ ಪ್ಯಾಟರ್ನ್. ಚೌಕ ಬ್ರ್ಯಾಕೆಟ್ ಒಳಗೆ ( ಬರೀ ಒಂದು ಅಕ್ಷರ. ಹೊಸ ಕೋಡ್ ಅದನ್ನು ತಪ್ಪು ಅಂದಿತು. ಈ ಕೆಲಸ ರೆಜೆಕ್ಸ್ ಓಡಿಸುವ ಎಂಜಿನ್‌ಗೇ ಬಿಡಬೇಕು. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಪ್ಯಾಟರ್ನ್ ಕೆಟ್ಟಿದ್ದರೆ ಎಂಜಿನ್ ಅದನ್ನು ಓದಿಕೊಳ್ಳುವ (ಕಂಪೈಲ್) ಹಂತದಲ್ಲೇ ಎಕ್ಸೆಪ್ಷನ್, ಅಂದರೆ ತಪ್ಪಿನ ಸೂಚನೆ, ಬರುತ್ತದೆ. ಜಾವಾ, ಪೈಥಾನ್‌ಗಳಲ್ಲಿ ಎಷ್ಟನೇ ಅಕ್ಷರದ ಹತ್ತಿರ ಎಡವಿತು ಅಂತಲೂ ಸಿಗುತ್ತದೆ. ಅದನ್ನು ಹಿಡಿದು ಬಳಸುವವರಿಗೆ ತೋರಿಸಿದರೆ ಆಯಿತು.

‘ಯಾವುದಾದರೂ ವೆಬ್‌ಸೈಟಿನಲ್ಲಿ ಪರೀಕ್ಷಿಸಿ ಹಾಕಿ’ ಅಂತಲೂ ಅಂದರು. ಅಲ್ಲಿ ಯಾವ ಎಂಜಿನ್ ಓಡುತ್ತಿದೆ ಅಂತ ನೋಡದೆ ಇದು ಸುಮ್ನೆ ಮಾತು. ಪಿಎಚ್‌ಪಿ ಒಪ್ಪುವ ಲುಕ್‌ಅಹೆಡ್ (ಮುಂದೆ ಏನಿದೆ ಅಂತ ಇಣುಕಿ ನೋಡುವ ಚಿಹ್ನೆ) ಗೋ ಭಾಷೆಯ ರೆಜೆಕ್ಸ್‌ನಲ್ಲಿ ಇಲ್ಲವೇ ಇಲ್ಲ.

ಕೊಳ್ಳುವವರು ಡೆಮೊ ದಿನವೇ ( ಒಂದನ್ನೇ ಬರೆದು ಸೇವ್ ಒತ್ತಿ. ತಪ್ಪು ಅನ್ನದಿದ್ದರೆ ಮುಂಗಡ ಕೊಡಬೇಡಿ. ಆಮೇಲೆ [(] ಹಾಕಿ ನೋಡಿ. ಇದನ್ನು ಅದು ಒಪ್ಪಲೇಬೇಕು.