ಹೊಂಗೆ ಮರ ನೋಡೋಕೆ ಮನೆಗೇ ಬಂದಿದ್ದರು

ರಾಯಚೂರಲ್ಲಿ ಮರಕ್ಕೆ ಏನಾದರೂ ಆದರೆ ಯಾರಿಗೆ ತೋರಿಸೋದು ಅಂತ ಒದ್ದಾಡುವವರಿಗೆ ಇದನ್ನ ಬರೀತಿದ್ದೇನೆ.

ನಮ್ಮ ಹಿತ್ತಲಲ್ಲಿ ಮಾವ ನೆಟ್ಟ ಹೊಂಗೆ ಮರ ಇದೆ. ಇಲ್ಲಿನ ಬಿಸಿಲು ಗೊತ್ತೇ ಇದೆಯಲ್ಲ, 40 ಡಿಗ್ರಿ ದಾಟಿತು ಅಂದರೆ ಅತ್ತೆ ಮಧ್ಯಾಹ್ನ ಪೂರ್ತಿ ಅದರ ಕೆಳಗೇ ಹೊರಸು ಹಾಕಿಕೊಂಡಿರುತ್ತಾರೆ. ಈ ಸಲ ಯುಗಾದಿ ಹೊತ್ತಿಗೆ ಬಂದ ಚಿಗುರಿನ ಮೇಲೆಲ್ಲಾ ಗಂಟು. ಕೆಲವು ಅಕ್ಕಿಕಾಳಿನಷ್ಟು, ಕೆಲವು ಪುಟ್ಟ ಬೆರಳಿನ ಥರ ಮೇಲೆದ್ದಿದ್ದವು. ಬೊಡ್ಡೆಗೆ ಗೆದ್ದಲಿನ ಮಣ್ಣು ಬೇರೆ.

ಮೊದಲು ಒಂದು ಔಷಧಿ ಅಂಗಡಿಗೆ ಎಲೆ ಒಯ್ದೆ. ಅವರು ಎಲೆ ಕೈಗೂ ತಗೊಳ್ಳಲಿಲ್ಲ, ಹುಳದ ಎಣ್ಣಿ ಹೊಡೀರಿ ಅಂತ 640 ರೂಪಾಯಿ ಬಾಟಲಿ ಕೊಟ್ಟರು. ಎರಡು ಸಲ ಹೊಡೆಸಿದರೂ ಗಂಟು ಹಾಗೇ ಇತ್ತು. ಪಕ್ಕದವರು ಕಡಿಸಿಬಿಡಿ ಅಂದರು, ಅವತ್ತು ಅತ್ತೆ ಊಟಾನೇ ಮಾಡಲಿಲ್ಲ.

ಆಮೇಲೆ ಗಂಜ್ ಕಡೆ ಅಂಗಡಿ ಇಟ್ಟಿರುವ, ಕೃಷಿ ಪದವಿ ಓದಿದ ಒಬ್ಬ ಹುಡುಗನನ್ನ ಕರೆಸಿದೆವು. ಮನೆಗೆ ಬಂದು ನೋಡೋಕೆ 300 ರೂಪಾಯಿ. ಬಂದವನು ಮೊದಲು ಎಲೆ ಮುಟ್ಟಲೇ ಇಲ್ಲ, ಮರದ ಸುತ್ತ ಎರಡು ಸುತ್ತು ಹಾಕಿದ. ಗೆದ್ದಲಿನ ಮಣ್ಣು ಕೆರೆದು, ಉಗುರಿನಿಂದ ತೊಗಟೆ ಸ್ವಲ್ಪ ಎಬ್ಬಿಸಿದ. ಒಳಗೆ ಹಸಿರು, ಒದ್ದೆ. "ಯವ್ವಾ, ಮರ ಜೀವಂತ ಐತ್ರಿ, ಗೆದ್ದಲ ಬರೇ ಒಣ ತೊಗಟಿ ತಿಂದಾವ" ಅಂದ. ಅತ್ತೆ ಮುಖ ನೋಡಬೇಕಿತ್ತು!

ಆಮೇಲೆ ಒಂದು ಗಂಟನ್ನ ಬ್ಲೇಡಿನಿಂದ ಸೀಳಿ ಭೂತಗನ್ನಡಿ ನನ್ನ ಕೈಗೇ ಕೊಟ್ಟ. ಒಳಗೆ ಬಿಳಿ ಹುಡಿ ಚೆಲ್ಲಿದ ಹಾಗಿತ್ತು. ಸುಮ್ನೆ ನೋಡ್ತಾ ನಿಂತರೆ ಆ ಹುಡಿ ಮೆಲ್ಲಗೆ ಹರಿದಾಡುತ್ತಿತ್ತು. ಅದು ನುಸಿ, ಕೀಟ ಅಲ್ಲವಂತೆ. ಕೀಟಕ್ಕೆ ಆರು ಕಾಲು, ಈ ನುಸಿಗೆ ನಾಲ್ಕೇ. ಎಳೆ ಎಲೆಗೆ ಸೇರಿಕೊಂಡರೆ ಎಲೆಯೇ ಅದರ ಸುತ್ತ ಗಂಟಾಗಿ ಬೆಳೆಯುತ್ತದೆ, ಅದಕ್ಕೇ ಮೇಲಿಂದ ಹೊಡೆದ ಔಷಧಿ ಒಳಗೆ ತಾಗಿರಲಿಲ್ಲ. ದೊಡ್ಡ ಮರ ಇದರಿಂದ ಸಾಯೋದಿಲ್ಲ, ಜಾಸ್ತಿ ಗಂಟಿರುವ ರೆಂಬೆ ಮಾತ್ರ ಕತ್ತರಿಸಿ ಸುಟ್ಟುಬಿಡಿ ಅಂದ. ಅವನ ಅಂಗಡಿಯಲ್ಲೇ ಔಷಧಿ ಮಾರ್ತಾನೆ, ಆದರೂ ಒಂದು ಬಾಟಲಿನೂ ಕೊಡಲಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಒಂದೇ ಬೇಜಾರು, ಮಂಗಳವಾರ ಅಂದವನು ಗುರುವಾರ ಬಂದ. ಮುಂದೇನು ಮಾಡಬೇಕು ಅಂತ ಬರೆದುಕೊಡೋದೂ ಇಲ್ಲ, ನೀವೇ ಬರೆದುಕೊಳ್ಳಬೇಕು. ಇನ್ನೊಂದು ಮಾತು, ಎಲೆ ಮೊದಲೇ ಕಿತ್ತಿಡಬೇಡಿ. ಒಣಗಿದ ಗಂಟಿನಲ್ಲಿ ನುಸಿ ಕಾಣೋದಿಲ್ಲವಂತೆ.