ನಂದಿ ಹಾಲ್ಟ್: ನೂರು ವರ್ಷ ದಾಟಿದ ಪುಟ್ಟ ರೈಲು ನಿಲ್ದಾಣ

ಯಲಹಂಕದಿಂದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಸಾಗುವ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್‌ನಷ್ಟು ಸೊಗಸಾದ ಚಿಕ್ಕ ನಿಲ್ದಾಣ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1915ರಲ್ಲಿ, ಈ ಮಾರ್ಗ ಆರಂಭವಾಯಿತು. ಆಗ ಹಳಿಗಳ ನಡುವೆ ಇದ್ದ ಅಂತರ ಎರಡೂವರೆ ಅಡಿ ಮಾತ್ರ. ಆ ನ್ಯಾರೋ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿತು. ಚಿಕ್ಕಬಳ್ಳಾಪುರದಿಂದ ಮುಂದೆ ಕೋಲಾರದವರೆಗಿನ ಭಾಗ ಬಹುಕಾಲ ಮುಚ್ಚಿದ್ದು, 2013ರಲ್ಲಿ ಮತ್ತೆ ತೆರೆಯಿತು. ಈಗ ವಿದ್ಯುತ್ ತಂತಿಯ ಕೆಳಗೆ ಮೆಮು ಎಂಬ, ಕಡಿಮೆ ದೂರದ ವಿದ್ಯುತ್ ಗಾಡಿಗಳು ಓಡುತ್ತಿವೆ.

ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಹಳೆಯ ಹೆಂಚಿನ ಮಾಡಿನ ಕಟ್ಟಡ ಉಳಿದುಕೊಂಡಿರುವುದು ನಮ್ಮ ಭಾಗ್ಯ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕವು ಇದನ್ನೂ ದೇವನಹಳ್ಳಿ, ದೊಡ್ಡಜಾಲ, ಆವತಿಹಳ್ಳಿಯ ಹಳೆಯ ನಿಲ್ದಾಣ ಕಟ್ಟಡಗಳನ್ನೂ ಜೀರ್ಣೋದ್ಧಾರಕ್ಕೆ ಎತ್ತಿಕೊಂಡಿತು. ಕೆಡವಿ ಕಾಂಕ್ರೀಟಿನ ಪೆಟ್ಟಿಗೆ ಕಟ್ಟುವುದೇ ವಾಡಿಕೆಯಾಗಿರುವ ಕಾಲದಲ್ಲಿ ಇದು ಮನಸಾರೆ ಮೆಚ್ಚಬೇಕಾದ ಕೆಲಸ. ಕಟ್ಟಡ ಹಳ್ಳಿಯ ದೊಡ್ಡ ಮನೆಯೊಂದರ ಅಳತೆಯನ್ನು ಮೀರುವುದಿಲ್ಲ; ಇಳಿಜಾರಾದ ಮಾಡು, ಅದರಡಿಯ ನೆರಳು, ಹಿಂದೆ ಗೋಡೆಯಂತೆ ಎದ್ದು ನಿಂತ ನಂದಿ ಬೆಟ್ಟ ಒಂದೇ ನೋಟಕ್ಕೆ ಸಿಗುತ್ತವೆ.

ಸೇವೆಯ ವಿಷಯದಲ್ಲಿ ಇದೇ ಮಾತನ್ನು ಹೇಳಲಾರೆ. ದಿನಕ್ಕೆ ಬರುವ ಗಾಡಿಗಳು ಕೆಲವೇ. ಬೆಳಗಿನ ಗಾಡಿ ತಪ್ಪಿದರೆ ಬಹಳ ಹೊತ್ತು ಕಾಯಬೇಕು. ಈ ಮಾರ್ಗದಲ್ಲಿ ಭಾನುವಾರ ಓಡದ ಗಾಡಿಗಳೂ ಇರುವುದರಿಂದ, ರಜೆಯ ದಿನ ಹೊರಡುವವರು ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಮೀಸಲಾತಿಯ ಗೋಜಿಲ್ಲ, ದರ ಅಗ್ಗ. ಊಟ, ತಿಂಡಿ, ನೀರನ್ನು ಜೊತೆಗೆ ತರುವುದು ಕ್ಷೇಮ.

ಬೆಟ್ಟದ ನೆತ್ತಿಗೆ ಹೋಗುವವರಿಗೆ ಇನ್ನೊಂದು ತೊಡಕಿದೆ. ವಾಹನಗಳು ಮೇಲೇರುವ ರಸ್ತೆ ಬೆಟ್ಟವನ್ನು ಬಳಸಿಕೊಂಡು ಹೋಗುವುದರಿಂದ, ನಿಲ್ದಾಣದಿಂದ ಅದು ತೋರುವಷ್ಟು ಹತ್ತಿರವಲ್ಲ. ಬೆಟ್ಟದ ಬುಡದ ಸುಲ್ತಾನಪೇಟೆಯ ಹಳೆಯ ಮೆಟ್ಟಿಲ ದಾರಿ ಹಿಡಿಯುವವರು ಅನುಮತಿಯನ್ನು ವಿಚಾರಿಸಿಕೊಂಡೇ ಹೊರಡಬೇಕು. ಗಾಡಿಯ ಸಮಯಕ್ಕೆ ಹೊಂದುವಂತೆ ಬೆಟ್ಟಕ್ಕೊಂದು ಬಸ್ಸು ಇದ್ದರೆ, ವಾರಾಂತ್ಯದಲ್ಲಿ ಬೆಟ್ಟದ ರಸ್ತೆಯನ್ನು ಕಟ್ಟಿಹಾಕುವ ಕಾರುಗಳ ಸಾಲು ಎಷ್ಟೋ ಕಡಿಮೆಯಾಗುತ್ತಿತ್ತು. ರೈಲ್ವೆ, ಸಾರಿಗೆ, ಪ್ರವಾಸೋದ್ಯಮ ಇಲಾಖೆಗಳು ಕೂಡಿ ಕುಳಿತು ಮಾಡಬೇಕಾದ ಕೆಲಸ ಇದು.

ಈಗಿನ ಸ್ಥಿತಿಯಲ್ಲಿ ಈ ನಿಲ್ದಾಣದ ನಿಜವಾದ ಪ್ರಯೋಜನ ಸಿಗುವುದು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋಗುವವರಿಗೆ. ಒಂಬತ್ತನೆಯ ಶತಮಾನದ ಮೂಲವುಳ್ಳ ಈ ಗುಡಿಗೆ ನಿಲ್ದಾಣದಿಂದ ನಡೆದೇ ಹೋಗಬಹುದು. ಭೋಗನಂದೀಶ್ವರ, ಅರುಣಾಚಲೇಶ್ವರ ಗುಡಿಗಳ ನಡುವಿನ ಕಲ್ಯಾಣ ಮಂಟಪದ ಕಂಬಗಳ ಕೆತ್ತನೆಯನ್ನೂ ಮೆಟ್ಟಿಲುಗಳಿಂದ ಸುತ್ತುವರಿದ ಕಲ್ಯಾಣಿಯನ್ನೂ ನಿಧಾನವಾಗಿ ನೋಡುವಷ್ಟು ಬಿಡುವು ಇಟ್ಟುಕೊಂಡು ಬೆಳಗಿನ ಗಾಡಿಗೇ ಬನ್ನಿ. ಇಳಿದ ಕೂಡಲೇ ಮರಳುವ ಗಾಡಿಯ ಸಮಯವನ್ನು ಖಚಿತಪಡಿಸಿಕೊಳ್ಳಿ.